ಕಿಲ್ಕೆನ್ನಿಯ ಜನ ಯಾಕೆ ನಕ್ಕರು

ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದು ನಿವೃತ್ತನಾದ ಕರಿಬಸಪ್ಪ ಐರ್ಲೆಂಡ್ ದೇಶದಲ್ಲಿ ಮೂರು ತಿಂಗಳಿದ್ದು ಊರಿಗೆ ಮರಳಿದ. ಬಸ್ಸಿಳಿದವನು ಮೊದಲು ಮಾಡಿದ ಕೆಲಸವೆಂದರೆ ನಿಲ್ದಾಣದ ಗಡಿಯಾರವನ್ನು ನೋಡಿದ್ದು. ಅದು ನಾಲ್ಕು ನಿಮಿಷ ಹಿಂದಿತ್ತು. ಹೆಂಡತಿ ಹಾಲವ್ವನನ್ನು ಎರಡು ದೊಡ್ಡ ಪೆಟ್ಟಿಗೆಗಳ ಮೇಲೆ ಕೂರಿಸಿ, ಎದುರಿಗೇ ಮೈಕ್ ಸೆಟ್ ಅಂಗಡಿ ಇಟ್ಟಿದ್ದ ಮುಸ್ತಾಕನ ಬಳಿಗೆ ಹೋಗಿ, ಈ ಗಡಿಯಾರದ ಸಂಗತಿಯನ್ನು ಯಾರಾದರೂ ಮೇಲಿನವರಿಗೆ ತಿಳಿಸಿದ್ದಾರೆಯೇ ಎಂದು ವಿಚಾರಿಸಿದ.

ಮುಸ್ತಾಕ ನಕ್ಕ. ನಕ್ಕಿದ್ದಷ್ಟೇ ಅಲ್ಲ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ಪಕ್ಕದ ಬಾಳೆಹಣ್ಣಿನ ಗಾಡಿಯವನೂ ನಕ್ಕ. ಹಂಸಭಾವಿ ಬಸ್ಸಿಗೆ ನಿಂತಿದ್ದ ನಾಲ್ಕು ಜನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು.

ಕರಿಬಸಪ್ಪನಿಗೆ ಆಶ್ಚರ್ಯವಾಯಿತು. ಆ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನಲ್ಲಿ ಮಾತಾಡಿದವನು ಅವನು. ಅವನ ಮಾತು ಕೇಳಿ ಜನ ಓಡಿದ್ದುಂಟು, ಬೈದದ್ದುಂಟು, ತಪ್ಪು ಬಸ್ಸು ಹತ್ತಿ ಹಾನಗಲ್ಲಿಗೆ ಹೋದದ್ದೂ ಉಂಟು. ನಕ್ಕಿದ್ದು ಮಾತ್ರ ಇಲ್ಲ. ಆತ ನಗೆಯ ವಿರೋಧಿ ಎಂದಲ್ಲ. ದಿನಕ್ಕೆ ನೂರಾ ಹದಿನಾಲ್ಕು ಬಸ್ಸು ಬಂದು ಹೋಗುವ ಜಾಗದಲ್ಲಿ ಅದಕ್ಕೆ ಪುರಸೊತ್ತು ಇರಲಿಲ್ಲ, ಅಷ್ಟೇ.

ಈ ನಗೆಗೆ ಕಾರಣವಿತ್ತು. ಅದು ಅವನಿಗಿಂತ ಎರಡು ತಿಂಗಳು ಮೊದಲೇ ಊರಿಗೆ ಬಂದು ಮೊಬೈಲಿನಿಂದ ಮೊಬೈಲಿಗೆ ತಿರುಗುತ್ತಿತ್ತು.

ನಡೆದದ್ದು ಹೀಗೆ. ಕರಿಬಸಪ್ಪನ ಮಗಳು ರಂಜನಾ ಐರ್ಲೆಂಡಿನ ಕಿಲ್ಕೆನ್ನಿ ಎಂಬ ಊರಿನಲ್ಲಿ ನರ್ಸ್ ಆಗಿದ್ದಾಳೆ. ಗಂಡ ಸುದೀಪ ಅಲ್ಲೇ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಅವಳ ಬಾಣಂತನಕ್ಕೆ ಹಾಲವ್ವ ಹೊರಟಳು. ಹಾಲವ್ವನ ಜೊತೆ ಅಂಟಿನುಂಡಿಯ ಡಬ್ಬಿಗಳು ಹೊರಟವು. ಡಬ್ಬಿಗಳನ್ನು ಹೊರಲು ಕರಿಬಸಪ್ಪ ಹೊರಟ.

ಕಿಲ್ಕೆನ್ನಿ ಎಂಟುನೂರು ವರ್ಷಗಳ ಹಳೆಯ ಊರು. ನದಿಯ ದಂಡೆಗೆ ಒಂದು ಕೋಟೆ, ಕೋಟೆಯಿಂದ ಇಳಿದರೆ ಕಪ್ಪು ಕಲ್ಲಿನ ಇಕ್ಕಟ್ಟಾದ ಓಣಿಗಳು. ಜನಸಂಖ್ಯೆಯಲ್ಲಿ ನಮ್ಮ ಹಿರೇಕೆರೂರಿಗಿಂತ ಬಹಳ ದೊಡ್ಡದೇನಲ್ಲ. ಆದರೆ ಆ ಊರಿಗೆ ವರ್ಷಕ್ಕೆ ಮೂರು ಸಲ ಏನೋ ಹಿಡಿದಂತಾಗುತ್ತದೆ. ಮೇ ತಿಂಗಳ ಮೊದಲ ವಾರ ಸಂಗೀತದ ಉತ್ಸವ, ಜೂನ್ ಮೊದಲಲ್ಲಿ ಹಾಸ್ಯದ ಉತ್ಸವ, ಆಗಸ್ಟಿನಲ್ಲಿ ಹತ್ತು ದಿನ ಕಲೆಯ ಉತ್ಸವ. ಬಾಣಂತಿಯ ಮನೆಯಲ್ಲಿ ಗಂಡಸಿಗೇನು ಕೆಲಸ? ಹಾಲವ್ವ ಅವನನ್ನು ಬೆಳಿಗ್ಗೆ ಹೊರಗೆ ಕಳಿಸಿದರೆ ಊಟದ ಹೊತ್ತಿಗೆ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಆತ ಓಣಿ ಓಣಿ ತಿರುಗಿದ. ಸಂಗೀತದ ಉತ್ಸವದಲ್ಲಿ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ತೆರೆದು ನೋಡಿದರೆ ವೇಳಾಪಟ್ಟಿ: ಯಾವ ಜಾಗದಲ್ಲಿ, ಎಷ್ಟು ಗಂಟೆಗೆ, ಯಾರ ಹಾಡು. ಕರಿಬಸಪ್ಪ ಆ ಪುಸ್ತಕ ಹಿಡಿದು ಒಂದೊಂದು ಜಾಗದ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದ. ಹಾಡು ಶುರುವಾಗಬೇಕಾದ ಹೊತ್ತಿಗೆ ಶುರುವಾಗುತ್ತಿತ್ತು. ಆ ಕ್ಷಣದಿಂದ ಅವನಿಗೆ ಐರ್ಲೆಂಡ್ ದೇಶದ ಬಗ್ಗೆ ಗೌರವ ಹುಟ್ಟಿತು.

ಜೂನಿನಲ್ಲಿ ಹಾಸ್ಯದ ಉತ್ಸವ ಬಂತು. ದುಡ್ಡು ಕೊಟ್ಟು ಟಿಕೆಟ್ ತೆಗೆದು, ಸಂಜೆ ಆರೂವರೆಗೆ ನಗಲು ಕೂತು, ಎಂಟಕ್ಕೆ ನಗುವುದನ್ನು ನಿಲ್ಲಿಸಿ ಮನೆಗೆ ಹೋಗುವ ಜನ ಹೇಗಿರುತ್ತಾರೆ ಎಂಬ ಕುತೂಹಲ ಅವನಿಗೆ ತಡೆಯದಾಯಿತು. ಸುದೀಪನ ಹತ್ತಿರ ಎರಡು ಟಿಕೆಟ್ ಇದ್ದವು. ರಂಜನಾ ಕೂಸು ಬಿಟ್ಟು ಬರುವಂತಿರಲಿಲ್ಲ. ಅಳಿಯ ಮಾವನನ್ನು ಕರೆದುಕೊಂಡು ಹೋದ. ಮಾವ ಬಸ್ಸಿನ ರೂಢಿಯಂತೆ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿ ಮುಂದಿನ ಸಾಲು ಹಿಡಿದ.

ಹಾಸ್ಯದ ಕಾರ್ಯಕ್ರಮದಲ್ಲಿ ಮುಂದಿನ ಸಾಲು ಹಿಡಿಯಬಾರದೆಂಬುದು ಅಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ವೇದಿಕೆಯ ಮೇಲಿದ್ದವಳು ಕೆಂಪು ಕೂದಲಿನ ಎತ್ತರದ ಹೆಂಗಸು. ಆಕೆ ಕರಿಬಸಪ್ಪನ ಬಿಳಿ ಟೋಪಿ, ಮೇಲೆ ಸ್ವೆಟರ್, ಸ್ವೆಟರಿನ ಜೇಬಿಗೆ ಸಿಕ್ಕಿಸಿದ ಎರಡು ಪೆನ್ನು ನೋಡಿ, ನೀವು ಯಾವ ಊರಿನವರು ಎಂದು ಕೇಳಿದಳು. ಹಿರೇಕೆರೂರು ಎಂದ. ಏನು ಕೆಲಸ ಎಂದಳು. ಕಂಟ್ರೋಲರ್ ಎಂದ. ಏನನ್ನು ಕಂಟ್ರೋಲ್ ಮಾಡುತ್ತೀರಿ ಎಂದಳು. ಈಗ ಏನನ್ನೂ ಇಲ್ಲ, ನಿವೃತ್ತನಾಗಿದ್ದೇನೆ ಎಂದ. ಹಿಂದೆ ಯಾರೋ ನಕ್ಕರು.

ಆಮೇಲೆ ಆಕೆ ಒಂದು ತಪ್ಪು ಮಾಡಿದಳು. ನಿಮ್ಮ ಊರಿಗೆ ಬರಬೇಕಲ್ಲ, ಹೇಗೆ ಬರುವುದು ಎಂದು ಕೇಳಿದಳು.

ಕಂಟ್ರೋಲರ್‌ನನ್ನು ಕೇಳಬಾರದ ಪ್ರಶ್ನೆ ಅದು. ಕರಿಬಸಪ್ಪ ಎದ್ದು ನಿಂತ. ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಮೂವತ್ತೊಂದು ವರ್ಷದ ಮೈಕಿನ ದನಿಯಲ್ಲಿ ವಿವರಿಸಿದ. ಬೆಂಗಳೂರಿನಿಂದ ರೈಲಿನಲ್ಲಿ ಬಂದು ಹಾವೇರಿಯಲ್ಲಿ ಇಳಿಯಬೇಕು. ಹಾವೇರಿಯಿಂದ ಬಸ್ಸು ಆರು ಇಪ್ಪತ್ತಕ್ಕೆ, ಏಳು ಹತ್ತಕ್ಕೆ, ಎಂಟು ಐದಕ್ಕೆ. ಎಂಟು ಐದರದ್ದು ಹತ್ತಬೇಡಿ, ಅದು ಬ್ಯಾಡಗಿಯಲ್ಲಿ ನಾಷ್ಟಾಕ್ಕೆ ನಿಲ್ಲುತ್ತದೆ. ಎಡಗಡೆ ಕಿಟಕಿ ಬೇಡ, ಬಿಸಿಲು ಬರುತ್ತದೆ. ಸಂತೆಯ ದಿನ ಬರಲೇಬೇಡಿ. ಟಿಕೆಟ್ ಎಷ್ಟು ಎಂದು ಆಕೆ ಕೇಳಿದಳು. ಹೆಂಗಸರಿಗೆ ಟಿಕೆಟ್ ಇಲ್ಲ ಎಂದ. ಸಭೆಯಲ್ಲಿದ್ದ ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಆತ ಕೈ ಎತ್ತಿ ಸುಮ್ಮನಿರಿಸಿ, ಕರ್ನಾಟಕದ ಆಧಾರ್ ಕಾರ್ಡ್ ಇದ್ದರೆ ಮಾತ್ರ ಎಂದ. ಇನ್ನೂರು ಜನ ಕುರ್ಚಿಯಿಂದ ಜಾರಿದರು. ಕೊನೆಗೆ ಆ ಹೆಂಗಸು ಕಣ್ಣೊರೆಸಿಕೊಂಡು, ಇಷ್ಟೆಲ್ಲ ಕಷ್ಟಪಟ್ಟು ಹಿರೇಕೆರೂರಿಗೆ ಬಂದರೆ ಅಲ್ಲಿ ಏನಿದೆ ಎಂದಳು. ಕರಿಬಸಪ್ಪ ಪ್ರಾಮಾಣಿಕವಾಗಿ ಯೋಚಿಸಿದ. ಯೋಚಿಸಲು ಸಾಕಷ್ಟು ಹೊತ್ತು ತೆಗೆದುಕೊಂಡ. ಆಮೇಲೆ ಹೇಳಿದ:

“ಹಾವೇರಿಗೆ ವಾಪಸ್ ಬಸ್ಸಿದೆ.”

ಆ ದಿನ ಆ ವೇದಿಕೆಯಲ್ಲಿ ಆ ಹೆಂಗಸಿಗೆ ಮುಂದೆ ಮಾತಾಡಲಾಗಲಿಲ್ಲ ಎನ್ನುತ್ತಾರೆ. ಯಾರೋ ತೆಗೆದ ವಿಡಿಯೋ ಮರುದಿನ ಎಲ್ಲ ಕಡೆ ಹರಿಯಿತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಸುದೀಪ ಅದನ್ನು ಮಾವನಿಗೆ ಓದಿ ಹೇಳಿದ: “ಮಾವಾರ, ಇಡೀ ಉತ್ಸವದಾಗ ನಿಮ್ಮ ಟೈಮಿಂಗ್ ಎಲ್ಲಾರಕಿಂತ ಚಲೋ ಐತಿ ಅಂತ ಬರದಾರ.”

ಕರಿಬಸಪ್ಪನ ಕಣ್ಣುಗಳು ಒದ್ದೆಯಾದವು. ಮೂವತ್ತೊಂದು ವರ್ಷ ಟೈಮಿಂಗಿಗಾಗಿ ಬಡಿದಾಡಿದವನು ಅವನು. ಸ್ವಂತ ಇಲಾಖೆ ಒಂದು ಶಾಲು ಹೊದಿಸಿ ಕೈ ತೊಳೆದುಕೊಂಡಿತ್ತು. ಏಳು ಸಮುದ್ರದಾಚೆಯ ಜನ, ಕೇವಲ ಎಂಟು ನಿಮಿಷದ ಮಾತು ಕೇಳಿ, ಅದನ್ನು ಗುರುತಿಸಿದ್ದರು. ಐರ್ಲೆಂಡಿನವರು ಮಾಹಿತಿ ಸಿಕ್ಕರೆ ನಕ್ಕು ಸಂತೋಷಪಡುವ ಜನ ಎಂದು ಆತ ತೀರ್ಮಾನಿಸಿದ. ಆಗಸ್ಟಿನ ಕಲಾ ಉತ್ಸವಕ್ಕೆ ಮೊದಲೇ ವೀಸಾ ಮುಗಿದದ್ದರಿಂದ, ಅದರ ವೇಳಾಪಟ್ಟಿಯ ಪುಸ್ತಕವನ್ನಾದರೂ ಪೆಟ್ಟಿಗೆಗೆ ಹಾಕಿಕೊಂಡು ವಿಮಾನ ಹತ್ತಿದ.

ಊರಿಗೆ ಬಂದ ಮೇಲೆ ಸುಮ್ಮನಿದ್ದಿದ್ದರೆ ಎಲ್ಲ ತಣ್ಣಗಾಗುತ್ತಿತ್ತು. ಆದರೆ ಮುಸ್ತಾಕನ ಅಂಗಡಿಯ ಮುಂದೆ ನಾಲ್ಕು ಜನ ಸೇರಿ ಅಲ್ಲಿನ ಸುದ್ದಿ ಕೇಳಿದಾಗ ಕರಿಬಸಪ್ಪ ಸಣ್ಣದೊಂದು ಜಂಬ ಕೊಚ್ಚಿಕೊಂಡ. “ನನ್ನ ಟೈಮಿಂಗಿಗೆ ಅಲ್ಲಿ ಇನ್ನೂರು ಮಂದಿ ಚಪ್ಪಾಳಿ ಹೊಡದಾರ” ಎಂದ. ಅವನು ಹೇಳಿದ ಟೈಮಿಂಗ್ ಬಸ್ಸಿನದು. ಅವರು ಕೇಳಿಸಿಕೊಂಡ ಟೈಮಿಂಗ್ ನಗೆಯದು. ವಿಡಿಯೋ ನೋಡಿದ್ದ ಅವರಿಗೆ ಸಂಶಯವೇ ಉಳಿಯಲಿಲ್ಲ. ಇಷ್ಟು ವರ್ಷ ಈ ಮನುಷ್ಯ ನಿಲ್ದಾಣದಲ್ಲಿ ನಮ್ಮ ನಡುವೆಯೇ ಕೂತು ಮುಖ ಗಂಟಿಕ್ಕಿಕೊಂಡು ಹಾಸ್ಯ ಮಾಡುತ್ತಿದ್ದ, ನಮಗೆ ತಿಳಿಯಲಿಲ್ಲ ಎಂದು ಜನ ಪಶ್ಚಾತ್ತಾಪಪಟ್ಟರು. ಕೆಲವರು ಹಳೆಯ ಪ್ರಕಟಣೆಗಳನ್ನು ನೆನಪಿಸಿಕೊಂಡು ಈಗ ನಕ್ಕರು.

ಮೂರನೆಯ ದಿನ ಶಿಗ್ಗಾವಿಯಿಂದ ಮಲ್ಲೇಶಪ್ಪ ಬಂದ. ಈತ ಬೀಜ ಗೊಬ್ಬರದ ವ್ಯಾಪಾರಿ, ನಾಲ್ಕೂರ ಕಲಾ ಬಳಗದ ಅಧ್ಯಕ್ಷ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೇರಿ ಕಿಲ್ಕೆನ್ನಿಯ ಮಾದರಿಯಲ್ಲಿ ಉತ್ಸವ ಮಾಡಬೇಕೆಂಬುದು ಅವನ ಯೋಜನೆ. ಯೋಜನೆ ಹುಟ್ಟಿದ್ದು ಆ ವಿಡಿಯೋ ನೋಡಿದ ರಾತ್ರಿ. ಮರುವಾರ ಕರೆದ ಸಭೆಯಲ್ಲಿ ಯಾವ ಊರು ಹೆಚ್ಚು ಕಿಲ್ಕೆನ್ನಿಯಂತಿದೆ ಎಂಬುದರ ಮೇಲೆ ಮೂರು ತಾಸು ವಾದ ನಡೆಯಿತು. ಹಾನಗಲ್ಲಿನವರು ತಮ್ಮ ಗುಡಿ ಕಿಲ್ಕೆನ್ನಿಯ ಕೋಟೆಗಿಂತ ಹಳೆಯದು ಎಂದರು. ಸವಣೂರಿನವರು ನವಾಬರ ಕಾಲದ ಮಾತು ತೆಗೆದು, ಸಂಗೀತದ ಉತ್ಸವ ನಮಗೇ ಬರಬೇಕು, ಬಂದವರ ಎಲೆ ಅಡಿಕೆಯ ಖರ್ಚನ್ನೂ ನಾವೇ ನೋಡಿಕೊಳ್ಳುತ್ತೇವೆ ಎಂದರು. ಶಿಗ್ಗಾವಿಯವರು ಬಂಕಾಪುರದ ಕೋಟೆ ತಮ್ಮದು, ಕೋಟೆಯಲ್ಲಿ ನವಿಲುಗಳಿವೆ, ಕಿಲ್ಕೆನ್ನಿಯ ಕೋಟೆಯಲ್ಲಿ ನವಿಲುಗಳಿವೆಯೇ ಎಂದು ಸವಾಲು ಹಾಕಿದರು. ಎಲ್ಲರೂ ಕರಿಬಸಪ್ಪನ ಕಡೆ ತಿರುಗಿದರು.

“ನವಿಲು ನೋಡಲಿಲ್ರಿ. ಕಾಗಿ ಅದಾವ” ಎಂದ ಕರಿಬಸಪ್ಪ, ಇದ್ದದ್ದನ್ನು ಇದ್ದಂತೆ.

ಸಭೆ ನಗೆಯಲ್ಲಿ ಮುಳುಗಿತು. ಹಿರೇಕೆರೂರಿಗೆ ಅಂಥ ಕೋಟೆಯೂ ಇಲ್ಲ, ನವಾಬರೂ ಇಲ್ಲ, ಆದರೆ ಕರಿಬಸಪ್ಪ ಇದ್ದಾನೆ, ಆದ್ದರಿಂದ ಹಾಸ್ಯದ ಉತ್ಸವ ಅಲ್ಲಿಗೇ ಎಂದು ಮಲ್ಲೇಶಪ್ಪ ಅಲ್ಲೇ ಘೋಷಿಸಿಬಿಟ್ಟ. ನೀವು ಬಂದು ನಿಮ್ಮ ಟೈಮಿಂಗ್ ತೋರಿಸಬೇಕು ಎಂದು ಕೈಮುಗಿದ. ಸಮಯಪಾಲನೆಯ ಮೇಲೆ ಉಪನ್ಯಾಸ ಎಂದು ತಿಳಿದ ಕರಿಬಸಪ್ಪ, ನಮ್ಮ ಕಡೆ ಇದು ಬಹಳ ಅವಶ್ಯ ಎಂದು ಒಪ್ಪಿಕೊಂಡ.

ಅದೇ ವಾರ ಹನುಮಂತಪ್ಪ ತೀರಿಕೊಂಡ.

ಹನುಮಂತಪ್ಪ ಬೆಳಗಿನ ಐದು ನಲವತ್ತೈದರ ಹಾವೇರಿ ಬಸ್ಸನ್ನು ಹತ್ತೊಂಬತ್ತು ವರ್ಷ ಓಡಿಸಿದ ಡ್ರೈವರ್. ಕರಿಬಸಪ್ಪ ತನ್ನ ಸೇವಾವಧಿಯಲ್ಲಿ ಅತಿ ಹೆಚ್ಚು ಮೆಮೊ ಕೊಟ್ಟದ್ದು ಅವನಿಗೇ. ಹಾಗಾಗಿ ಅವನ ಮನೆಗೆ ಒಮ್ಮೆಯೂ ಹೋಗಿರಲಿಲ್ಲ. ಸತ್ತ ಸುದ್ದಿ ಕೇಳಿ ಮನಸ್ಸಿಗೆ ಬಹಳ ಚುಚ್ಚಿತು. ಹಂಸಭಾವಿ ರಸ್ತೆಯ ತಿರುವಿನಲ್ಲಿ, ಹತ್ತಿ ಮಿಲ್ಲು ದಾಟಿದ ಮೇಲೆ ಅವನ ಮನೆ. ಸಾವಿನ ಮನೆಯವರನ್ನು ಮಾತಾಡಿಸಲು ಹೋದಾಗ ಪಡಸಾಲೆಯ ತುಂಬ ಜನ. ಗೋಡೆಗೆ ಒರಗಿ ಕೂತಿದ್ದ ಹೆಂಡತಿ ದಾನವ್ವನ ಎದುರು ಕರಿಬಸಪ್ಪ ಕೂತ. ಏನು ಮಾತಾಡಬೇಕೆಂದು ತಿಳಿಯದೆ ಹೋದಾಗ ಮನುಷ್ಯನ ನಾಲಗೆ ತನಗೆ ರೂಢಿಯಾದ ದಾರಿಯಲ್ಲೇ ಹೋಗುತ್ತದೆ.

“ಹೊಂಟಿದ್ದು ಎಷ್ಟು ಗಂಟೇಕ್ರಿ?” ಎಂದು ಕೇಳಿದ.

ಮೂಲೆಯಲ್ಲಿದ್ದ ಯಾರೋ ಮೂಗಿನಲ್ಲಿ ಸದ್ದು ಮಾಡಿದರು. ಕರಿಬಸಪ್ಪ ಗಾಬರಿಯಾದ. ಆಸ್ಪತ್ರೆಗೆ ಒಯ್ಯುವಾಗ ರಾಣೆಬೆನ್ನೂರಿನಲ್ಲಿ ತೋರಿಸಿದರೋ ನೇರ ಹಾವೇರಿಗೇ ಹೋದರೋ ಎಂದು ಕೇಳುವುದು ಅವನ ಮನಸ್ಸಿನಲ್ಲಿತ್ತು. ಬಾಯಿಂದ ಬಂದದ್ದು, “ದಾರ್ಯಾಗ ಎಲ್ಲೆರ ನಿಂತಿದ್ರೇನು?”

ವಿಡಿಯೋ ನೋಡದವರು ಆ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಮೊದಲು ಒಬ್ಬ ಟವೆಲ್ಲು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದ. ಆಮೇಲೆ ಹನುಮಂತಪ್ಪನ ಸ್ವಂತ ತಮ್ಮ. ಆಮೇಲೆ ತಡೆಯಲಾಗದೆ ಪಡಸಾಲೆಗೆ ಪಡಸಾಲೆಯೇ. ದಾನವ್ವ ಎದ್ದು ಒಳಗೆ ಹೋದಳು. ಕರಿಬಸಪ್ಪ ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದಾಗ ಅವನ ಎಡಗಾಲಲ್ಲಿ ಬೇರೆ ಯಾರದೋ ಚಪ್ಪಲಿ ಇತ್ತು.

ಮನೆಗೆ ಹೋಗಲಿಲ್ಲ. ನೇರವಾಗಿ ಹಿಂದಿನ ಓಣಿಯ ನುಜಹತ ಮೇಡಂ ಮನೆಗೆ ಹೋದ. ನುಜಹತ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು, ಅರ್ಥ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳುವವರು. ಕಿಲ್ಕೆನ್ನಿಯ ಜನ ಯಾಕೆ ನಕ್ಕರು, ಅಲ್ಲಿ ನಿಜವಾಗಿ ಏನು ಬರೆದಿದೆ, ಒಂದಕ್ಷರ ಬಿಡದೆ ಹೇಳಿ ಎಂದು ಕೇಳಿದ. ಅವರು ವಿಡಿಯೋವನ್ನು ಎರಡು ಸಲ ನೋಡಿದರು. ಎರಡನೆಯ ಸಲ ನಗಲಿಲ್ಲ.

“ಕಾಕಾ, ಯಾವ ಮಾತು ಯಾವಾಗ ಆಡಬೇಕು, ಆಡೂಕಿಂತ ಮೊದಲ ಎಷ್ಟೊತ್ತು ಸುಮ್ಮನಿರಬೇಕು, ಅದಕ್ಕ ಅಲ್ಲಿ ಟೈಮಿಂಗ್ ಅಂತಾರ. ಬಸ್ಸಿಂದಲ್ಲ ಅದು” ಎಂದರು ಮೆಲ್ಲಗೆ.

ಅಂದರೆ ಅವರಿಗೆ ಬಸ್ಸಿನ ಮಾಹಿತಿ ಬೇಕಾಗಿರಲೇ ಇಲ್ಲವೇ ಎಂದು ಕರಿಬಸಪ್ಪ ಕೇಳಿದ. ಬಹಳ ಜನರಿಗೆ ಬೇಕಾಗಿರಲಿಲ್ಲ ಎಂದರು ನುಜಹತ. ಆಮೇಲೆ ಮೊಬೈಲನ್ನು ಕೆಳಗೆ ಕೆಳಗೆ ಸರಿಸುತ್ತ ಹೋಗಿ, ಒಬ್ಬ ಹೆಂಗಸು ಮಾತ್ರ ಗಂಭೀರವಾಗಿ ಕೇಳಿದ್ದಾಳೆ, ಏಳು ಹತ್ತರ ಬಸ್ಸು ಭಾನುವಾರವೂ ಇದೆಯೇ ಎಂದು ಓದಿದರು.

“ಇಲ್ಲಂತ ಬರೀರಿ” ಎಂದ ಕರಿಬಸಪ್ಪ. “ಭಾನುವಾರ ಏಳು ಮೂವತ್ತಕ್ಕ.”

ಅವರು ಬರೆಯುವ ತನಕ ಕಾದು ಎದ್ದು ಹೋದ.

ಮರುದಿನವೇ ಮಲ್ಲೇಶಪ್ಪನಿಗೆ ಫೋನು ಮಾಡಿ, ನಾನು ಹಾಸ್ಯಗಾರನಲ್ಲ, ನನ್ನನ್ನು ಬಿಟ್ಟುಬಿಡಿ ಎಂದ. ಮಲ್ಲೇಶಪ್ಪ ಫೋನಿನಲ್ಲೇ ಕೆಮ್ಮುವಷ್ಟು ನಕ್ಕು, ಇದನ್ನು ಇದೇ ದನಿಯಲ್ಲಿ ವೇದಿಕೆಯ ಮೇಲೆ ಹೇಳಬೇಕು, ಒಂದಕ್ಷರ ಬದಲಿಸಬಾರದು ಎಂದ. ಎರಡನೆಯ ಸಲ ಶಿಗ್ಗಾವಿಗೇ ಹೋಗಿ ಹೇಳಿದ. ಅಂಗಡಿಯಲ್ಲಿದ್ದ ಗಿರಾಕಿಗಳನ್ನೆಲ್ಲ ಕರೆದು ಮಲ್ಲೇಶಪ್ಪ, ಇನ್ನೊಮ್ಮೆ ಹೇಳಿ ಸಾಹೇಬರೇ ಎಂದ. ಮೂರನೆಯ ಸಲ ಬರೆದು ಕೊಟ್ಟ. ಆ ಕಾಗದವನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿದರು. ಮೇಲೆ ದಪ್ಪಕ್ಷರದಲ್ಲಿ “ಐರ್ಲೆಂಡ್ ಖ್ಯಾತಿಯ ನಗೆ ಸಾಮ್ರಾಟ” ಎಂದಿತ್ತು.

ಹಾಲವ್ವ ಕರಪತ್ರವನ್ನು ಓದಿ, ಮಡಚಿ, ಅಡುಗೆಮನೆಯ ಕಪಾಟಿನ ತಳಕ್ಕೆ ಹಾಸಿದಳು. ಗಂಡ ಎರಡು ದಿನದಿಂದ ಮನೆಯಲ್ಲೂ ಬಾಯಿ ಬಿಡುತ್ತಿರಲಿಲ್ಲ. ಉಪ್ಪು ಬೇಕಾದರೆ ಬೆರಳು ತೋರಿಸುತ್ತಿದ್ದ. ಕೊನೆಗೆ ಅವಳೇ ಕೇಳಿದಳು, ಹೋಗುವುದು ತಪ್ಪುವುದಿಲ್ಲವೆಂದ ಮೇಲೆ ಹೋಗಿ ಏನು ಮಾತಾಡಬೇಕೆಂದಿದ್ದೀರಿ ಎಂದು.

“ಹನುಮಂತಪ್ಪನ ಸುದ್ದಿ ಮಾತಾಡ್ತೇನಿ” ಎಂದ ಕರಿಬಸಪ್ಪ. “ಸತ್ತವರ ಸುದ್ದಿ ತಗದ್ರ ಯಾರೂ ನಗಂಗಿಲ್ಲ. ದಾನವ್ವನ ಮುಂದ ಆದ ತಪ್ಪಿಗೆ ಅಲ್ಲೆ ಎಲ್ಲಾರೆದುರು ಕೈ ಮುಗೀತೇನಿ.”

ಹಾಲವ್ವ ಮರುದಿನ ದಾನವ್ವನ ಮನೆಗೆ ಹೋಗಿ ಇಷ್ಟನ್ನು ತಿಳಿಸಿ ಬಂದಳು. ದಾನವ್ವ ಬರುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲವಂತೆ.

ಉತ್ಸವದ ಸಂಜೆ ಐದಕ್ಕೆ ಕಾರ್ಯಕ್ರಮ. ಐದಕ್ಕೆ ಶಾಲೆಯ ಮೈದಾನದ ವೇದಿಕೆಯ ಮೇಲೆ ಹನ್ನೊಂದು ಕುರ್ಚಿಗಳಿದ್ದವು, ಒಂದರಲ್ಲಿ ಕರಿಬಸಪ್ಪನಿದ್ದ. ಐದೂವರೆಗೂ ಅವನೊಬ್ಬನೇ ಇದ್ದ. ಕೆಳಗೆ ಜನ ಅದನ್ನೂ ನೋಡಿ ನಗಲು ಶುರು ಮಾಡಿದ್ದರು. ಆರರ ಹೊತ್ತಿಗೆ ಮಲ್ಲೇಶಪ್ಪ, ನಾಲ್ಕೂ ಊರಿನ ಗಣ್ಯರು ಬಂದು, ಸ್ವಾಗತ, ಹಾರ, ದೀಪ ಎಲ್ಲ ಮುಗಿದು, ಮುಸ್ತಾಕ ಮೈಕನ್ನು ಕರಿಬಸಪ್ಪನ ಎತ್ತರಕ್ಕೆ ಇಳಿಸಿದ. ಸಾವಿರ ಜನ ಮೊದಲೇ ಹಲ್ಲು ಬಿಟ್ಟುಕೊಂಡು ಕೂತಿದ್ದರು.

ಕರಿಬಸಪ್ಪ ನಮಸ್ಕಾರ ಎಂದ. ನಕ್ಕರು. ಇವತ್ತು ನಗಿಸುವ ಮಾತಾಡುವುದಿಲ್ಲ ಎಂದ. ಇನ್ನೂ ನಕ್ಕರು. ತೀರಿಹೋದ ಡ್ರೈವರ್ ಹನುಮಂತಪ್ಪನ ನೆನಪಿಗೆ ನಾಲ್ಕು ಮಾತು ಎಂದ. ಆಗ ಸಭೆ ಸ್ವಲ್ಪ ತಣ್ಣಗಾಯಿತು. ಕರಿಬಸಪ್ಪನಿಗೆ ಧೈರ್ಯ ಬಂತು. ತನಗೆ ತಿಳಿದ ಹನುಮಂತಪ್ಪನನ್ನು ಇದ್ದಂತೆ ವರ್ಣಿಸಿದ.

ಐದು ನಲವತ್ತೈದರ ಬಸ್ಸು ನನ್ನ ಕಣ್ಣೆದುರಿಗೆ ಐದು ನಲವತ್ತೈದಕ್ಕೆ ಹೊರಡುತ್ತಿತ್ತು. ಹಾವೇರಿಗೆ ಮಾತ್ರ ಏಳು ನಿಮಿಷ ತಡವಾಗಿ ಮುಟ್ಟುತ್ತಿತ್ತು. ಆರಲ್ಲ, ಎಂಟಲ್ಲ, ಏಳು. ಮೆಮೊ ಕೊಟ್ಟೆ. ದಾರಿಯಲ್ಲಿ ಎಮ್ಮೆ ಅಡ್ಡ ಬಂದಿತ್ತು ಎಂದು ಹನುಮಂತಪ್ಪನವರು ಬರೆದುಕೊಟ್ಟರು. ಮರುದಿನವೂ ಎಮ್ಮೆ. ವರ್ಷದ ಕೊನೆಗೆ ಲೆಕ್ಕ ತೆಗೆದರೆ ಇನ್ನೂರಾ ಹದಿನಾಲ್ಕು ಎಮ್ಮೆ. ಪಶು ವೈದ್ಯರಿಗೆ ಪತ್ರ ಬರೆದು ಆ ಭಾಗದಲ್ಲಿ ಒಟ್ಟು ಎಷ್ಟು ಎಮ್ಮೆಗಳಿವೆ ಎಂದು ಕೇಳಿದೆ. ಅರವತ್ತೆರಡು ಎಂದು ಉತ್ತರ ಬಂತು. ಅಂದರೆ ಒಂದೊಂದು ಎಮ್ಮೆ ವರ್ಷಕ್ಕೆ ಮೂರೂವರೆ ಸಲ ಅಡ್ಡ ಬಂದಂತಾಯಿತು.

ಇದನ್ನು ಆತ ಶ್ರದ್ಧಾಂಜಲಿಯೆಂದೇ ಹೇಳಿದ. ಆದರೆ ಮೈದಾನ ಅಲುಗಾಡಿತು. ಮಲ್ಲೇಶಪ್ಪ ಹಾರದ ಹೂವು ಉದುರುವಷ್ಟು ನಗುತ್ತಿದ್ದ. ಕರಿಬಸಪ್ಪ ದನಿ ಏರಿಸಿದ. ಕೊನೆಗೆ ಒಬ್ಬ ತಪಾಸಣೆಯ ಅಧಿಕಾರಿಯನ್ನು ಗುಟ್ಟಾಗಿ ಆ ಬಸ್ಸಿಗೆ ಹತ್ತಿಸಿದೆ. ಆ ದಿನವೂ ಏಳು ನಿಮಿಷ ತಡ. ಅವರು ತಾವೇ ಕೈಯಾರೆ ವರದಿ ಬರೆದರು, ಎಮ್ಮೆ ನಿಜ ಎಂದು. ಮುಂದಿನ ವಾರದಿಂದ ಅವರು ಕೆಲಸವಿರಲಿ ಬಿಡಲಿ ಅದೇ ಬಸ್ಸಿಗೆ ಹೋಗತೊಡಗಿದರು.

ನಗೆ ನಿಲ್ಲುವಂತೆ ಕಾಣಲಿಲ್ಲ. ಕರಿಬಸಪ್ಪ ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡ. ದನಿ ಸಣ್ಣದಾಯಿತು.

“ನಾ ರಿಟೈರ್ ಆದ ಮ್ಯಾಲೆ ಒಂದಿನ ಅವರ ಮನಿಗೆ ಹೋಗಿ, ಹನುಮಂತಪ್ಪಾರ, ಆ ಏಳು ನಿಮಿಷ ಎಲ್ಲಿ ಹೋಗ್ತಿದ್ವು ಅಂತ ಸುಮ್ಮ ಕೇಳಬೇಕಂತ ಮಾಡಿದ್ದೆ. ಸಿಟ್ಟಿಲೆ ಅಲ್ರಿ, ತಿಳಕೊಳ್ಳಾಕ. ಇವತ್ತ ಹೋಗ್ತೇನಿ, ನಾಳೆ ಹೋಗ್ತೇನಿ ಅಂದೆ. ನಾ ಹೋಗೂದರಾಗ ಅವರು ಹ್ವಾದ್ರು. ಮಾತಾಡಸಾಕ ಹೋಗಿ ಏನೇನರ ಅಂದೆ. ತಂಗೀ ದಾನವ್ವಾ, ನೀ ಇಲ್ಲಿದ್ರ, ತಪ್ಪಾತು.”

ಆತ ಕೈಮುಗಿದ. ಈಗ ಮೈದಾನದಲ್ಲಿ ಯಾರೂ ನಗಲಿಲ್ಲ. ಒಬ್ಬಳನ್ನು ಬಿಟ್ಟು. ಹೆಂಗಸರ ಕಡೆ, ಹಾಲವ್ವನ ಪಕ್ಕದಲ್ಲಿ, ದಾನವ್ವ ಸೆರಗನ್ನು ಬಾಯಿಗೊತ್ತಿ ಭುಜ ಕುಣಿಸುತ್ತಿದ್ದಳು. ಅಳುತ್ತಿದ್ದಾಳೆಂದು ಹಾಲವ್ವ ಬೆನ್ನು ಸವರಲು ಹೋದಳು. ದಾನವ್ವ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ಆದರೂ ನಗುತ್ತಿದ್ದಳು.

“ನಮ್ಮನಿ ಮುಂದ ಬಸ್ ನಿಂದ್ರಸಿ ಚಾ ಕುಡೀತಿದ್ರು, ಅಣ್ಣಾರ” ಎಂದಳು.

ಮೈಕಿಲ್ಲದೆಯೂ ಅದು ವೇದಿಕೆಗೆ ಕೇಳಿಸಿತು. ಕರಿಬಸಪ್ಪನಿಗೆ ಅರ್ಥವಾಗಲಿಲ್ಲ. ಏಳು ನಿಮಿಷ ಒಂದು ಕಪ್ಪು ಚಹಾ ಕುಡಿಯುತ್ತಿದ್ದರೇ ಎಂದು ಕೇಳಿದ.

“ಅವರೊಬ್ಬರ ಅಲ್ರಿ. ಬಸ್ಸಿನಾಗಿನ ಮಂದಿಗೆಲ್ಲಾ ಕೊಡ್ತಿದ್ದೆ. ನಸಿಕಿನ್ಯಾಗ ಬರೇ ಹೊಟ್ಟೀಲೆ ಹೊಂಟಿರ್ತಿದ್ರಲ್ರಿ.”

ಹತ್ತೊಂಬತ್ತು ವರ್ಷ, ಬಸ್ಸಿಗೆ ಬಸ್ಸೇ. ಕರಿಬಸಪ್ಪ ಸಭೆಯನ್ನು ನೋಡಿದ. ಮೊದಲ ಸಾಲಿನಲ್ಲಿ ಒಬ್ಬ ಮುದುಕ ನಿಧಾನವಾಗಿ ಕೈ ಎತ್ತಿದ. ನಾನೂ ಕುಡಿದಿದ್ದೇನೆ ಎಂಬ ಅರ್ಥದಲ್ಲಿ. ಅವನ ಹಿಂದೆ ಇಬ್ಬರು. ಆಮೇಲೆ ಸಾಲಿಗೆ ಸಾಲು. ಮೆಕ್ಕೆಜೋಳದ ವ್ಯಾಪಾರಿಗಳು, ಹಾವೇರಿ ಕಚೇರಿಗೆ ಓಡಾಡಿದವರು, ಹತ್ತಿಮತ್ತೂರಿಗೆ ಹೆಣ್ಣು ಕೊಟ್ಟವರು. ಮೈಕಿನ ಪಕ್ಕದಲ್ಲಿ ಮುಸ್ತಾಕನ ಕೈಯೂ ಎತ್ತಿತ್ತು. ವೇದಿಕೆಯ ಮೇಲೆ ಮಲ್ಲೇಶಪ್ಪ ನಗುವುದನ್ನು ನಿಲ್ಲಿಸಿ, ಶರಣಾದವನಂತೆ ಅರ್ಧ ಕೈ ಎತ್ತಿದ. ಎರಡು ವರ್ಷ ಹಿರೇಕೆರೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದನಂತೆ. ಇಡೀ ತಾಲ್ಲೂಕಿಗೆ ಗೊತ್ತಿತ್ತು. ಕಂಟ್ರೋಲರ್‌ಗೆ ಒಬ್ಬನಿಗೆ ಗೊತ್ತಿರಲಿಲ್ಲ.

ಕಟ್ಟಕಡೆಗೆ ಆತ ಹಾಲವ್ವನನ್ನು ನೋಡಿದ. ತವರೂರು ಬ್ಯಾಡಗಿಗೆ ಹೋಗುವಾಗೆಲ್ಲ ಅವಳು ಹತ್ತುತ್ತಿದ್ದದ್ದು ಐದು ನಲವತ್ತೈದರ ಬಸ್ಸನ್ನೇ. ಹಾಲವ್ವ ನೆಲ ನೋಡುತ್ತ ಕೈ ಎತ್ತಿದಳು.

“ನನಗ್ಯಾಕ ಹೇಳಲಿಲ್ಲ?” ಎಂದು ಕೇಳಿದ ಕರಿಬಸಪ್ಪ, ಯಾರನ್ನು ಕೇಳಬೇಕೆಂದು ತಿಳಿಯದೆ ಎಲ್ಲರನ್ನೂ.

“ಹೇಳಿದ್ರ ಚಾ ಬಂದ್ ಆಕ್ಕಿತ್ತಲ್ರಿ” ಎಂದಳು ದಾನವ್ವ.

ಆ ಸಂಜೆ ಮೈದಾನದಲ್ಲಿ ಎದ್ದ ನಗೆ ಬಸ್ ನಿಲ್ದಾಣದವರೆಗೂ ಕೇಳಿಸಿತಂತೆ. ಕರಿಬಸಪ್ಪ ನಕ್ಕನೋ ಇಲ್ಲವೋ ಎಂಬುದರ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿವೆ. ಟೋಪಿ ತೆಗೆದು ಮುಖ ಒರೆಸಿಕೊಂಡದ್ದನ್ನು ಮಾತ್ರ ಎಲ್ಲರೂ ನೋಡಿದ್ದಾರೆ. ಮುಂದಿನ ವರ್ಷ ಹಾಸ್ಯದ ಉತ್ಸವವನ್ನು ಶಿಗ್ಗಾವಿಗೆ ಒಯ್ಯಬೇಕೆಂದು ಮಲ್ಲೇಶಪ್ಪ ಅಲ್ಲೇ ವಾದಕ್ಕೆ ನಿಂತ. ಕರಿಬಸಪ್ಪ ಅದಕ್ಕೆ ಕಿವಿಗೊಡದೆ ಮನೆಗೆ ಹೋದ.

ಮರುದಿನ ನಸುಕಿನಲ್ಲಿ ಆತ ನಿಲ್ದಾಣಕ್ಕೆ ಹೋಗಿ ಐದು ನಲವತ್ತೈದರ ಬಸ್ಸನ್ನು ಹತ್ತಿದ. ಸಾವಿರಾರು ಸಲ ಕಳಿಸಿಕೊಟ್ಟ ಬಸ್ಸದು, ಹತ್ತಿದ್ದು ಅದೇ ಮೊದಲು. ಹತ್ತಿ ಮಿಲ್ಲು ದಾಟುತ್ತಿದ್ದಂತೆ, ತಿರುವಿನ ಮನೆಯ ಮುಂದೆ ನಿಲ್ಲಿಸಿ, ಚಹಾ ಕುಡಿಯುವುದಿದೆ ಎಂದು ಡ್ರೈವರ್‌ಗೆ ಹೇಳಿದ. ಡ್ರೈವರ್ ಹೊಸಬ, ವಿಡಿಯೋ ನೋಡಿದವನು. ಸ್ಟೇರಿಂಗ್ ಹಿಡಿದುಕೊಂಡು ಮನಸಾರೆ ನಕ್ಕು, ಬಸ್ಸನ್ನು ಮುಂದಿನ ಹಳ್ಳಿಯ ತನಕ ಓಡಿಸಿದ. ಕರಿಬಸಪ್ಪ ಅಲ್ಲಿಳಿದು, ಮೆಕ್ಕೆಜೋಳದ ಹೊಲಗಳ ಬದಿಯಲ್ಲಿ ಎರಡು ಮೈಲಿ ಹಿಂದಕ್ಕೆ ನಡೆದು ಬಂದ.

ದಾನವ್ವ ಬಾಗಿಲಿಗೆ ನೀರು ಹಾಕುತ್ತಿದ್ದಳು. ಅವನನ್ನು ನೋಡಿ ಒಳಗೆ ಹೋಗಿ ಒಲೆ ಹಚ್ಚಿದಳು. ಕರಿಬಸಪ್ಪ ಕಟ್ಟೆಯ ಮೇಲೆ ಕೂತು ಚಹಾ ಬಾಯಿಗಿಟ್ಟ. ಹಾಲು ಕಡಿಮೆ, ಸಕ್ಕರೆ ಸ್ವಲ್ಪ ಜಾಸ್ತಿ. ಇನ್ನೊಂದು ಗುಟುಕು ಕುಡಿದು ಯೋಚಿಸಿದ. ಹತ್ತೊಂಬತ್ತು ವರ್ಷ ಒಂದು ಬಸ್ಸಿನ ಜನ ಬಾಯಿ ಮುಚ್ಚಿಕೊಂಡು ಕಾದುಕೊಂಡು ಬಂದದ್ದು ಇದಕ್ಕೇ?

“ಇದರಾಗ ಏನೇನು ಹಾಕ್ತಿ, ತಂಗೀ?” ಎಂದು ಕೇಳಿದ.

“ಏನೂ ಇಲ್ರಿ ಅಣ್ಣಾರ. ಎಲ್ಲಾರ ಮನ್ಯಾಗ ಮಾಡೂ ಚಾನ ಇದು.”

ಕರಿಬಸಪ್ಪ ಖಾಲಿ ಕಪ್ಪಿನ ತಳವನ್ನು ಒಮ್ಮೆ ನೋಡಿ, ಇನ್ನೊಂದು ಕಪ್ಪು ಕೊಡು ಎಂದ.